ಬೆನ್ನು ತಿರುಗಿಸಿ ನೋಡಿ: ಯೂರೋಪಿನ ಹಳೆಯ ಗಿಲೀಟು ಕಂಚಿನ ಕಥೆ

ನಮ್ಮ ಕಡೆ 'ಗಿಲೀಟು' ಅಂದರೆ ಸಾಕು, ಬೆಲೆ ಅಲ್ಲೇ ಇಳಿದುಹೋಗುತ್ತದೆ. ಮದುವೆ ಮನೆಯಲ್ಲಿ ಯಾರದೋ ಕತ್ತಿನ ಸರ ನೋಡಿ 'ಅದು ಗಿಲೀಟು ಕಣೇ' ಎಂದು ಒಬ್ಬರು ಪಿಸುಗುಟ್ಟಿದರೆ ಮುಗಿಯಿತು, ಆ ಸರದ ಕಡೆ ಮತ್ತೆ ಯಾರೂ ತಿರುಗಿ ನೋಡುವುದಿಲ್ಲ. ಈ ಪದ ಇಂಗ್ಲಿಷಿನ 'ಗಿಲ್ಟ್'ನಿಂದ ಬಂದದ್ದು. ಚಿನ್ನದ ಮುಲಾಮು ಹಾಕಿದ್ದು ಎಂದಷ್ಟೇ ಅದರ ಅರ್ಥ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ 'ನಕಲಿ' ಎಂಬ ಅರ್ಥವೂ ಅಂಟಿಕೊಂಡಿತು.

ಆದರೆ 18ನೇ ಶತಮಾನದ ಪ್ಯಾರಿಸ್‌ನಲ್ಲಿ ಗಿಲೀಟು ಎಂದರೆ ದೊಡ್ಡ ಗೌರವದ ಕೆಲಸ. ಗಡಿಯಾರ, ಮೇಣದ ಬತ್ತಿಯ ಕಂಬ, ಗೋಡೆಗೆ ಹಾಕುವ ದೀಪದ ತೋಳು, ಬೀರುವಿನ ಹಿಡಿಕೆ, ಹೂದಾನಿಯ ಕಿವಿ, ಇಂಥವನ್ನೆಲ್ಲ ಕಂಚಿನಲ್ಲಿ ಎರಕ ಹೊಯ್ದು, ಅದರ ಮೇಲೆ ಚಿನ್ನ ಬೆಸೆಯುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ 'ಆರ್ಮೊಲು' ಎನ್ನುತ್ತಾರೆ. ಫ್ರೆಂಚಿನ 'ಒರ್ ಮೂಲು', ಅಂದರೆ ಅರೆದ ಚಿನ್ನ, ಎಂಬ ಮಾತಿನಿಂದ ಬಂದ ಹೆಸರು ಇದು. ಫ್ರೆಂಚರು ಮಾತ್ರ ಇವನ್ನು 'ಬ್ರೋಂಜ್ ದೋರೇ', ಚಿನ್ನ ಹಾಕಿದ ಕಂಚು, ಎಂದೇ ಕರೆಯುತ್ತಾರೆ.

ನಾನು ಹಲವು ವರ್ಷಗಳಿಂದ ಇಂಥ ಸಣ್ಣಪುಟ್ಟ ವಸ್ತುಗಳನ್ನು ಕೂಡಿಡುತ್ತಾ ಬಂದಿದ್ದೇನೆ. ದೊಡ್ಡ ಸಂಗ್ರಹವೇನಲ್ಲ, ಒಂದು ಕಪಾಟು ತುಂಬುವಷ್ಟು. 'ಇದು ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತೆ?' ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಮುಂದಿನ ಹೊಳಪು ನೋಡಬೇಡಿ, ತಿರುಗಿಸಿ ಬೆನ್ನು ನೋಡಿ. ಯಾಕೆ ಅಂತ ತಿಳಿಯಬೇಕಾದರೆ ಆ ಚಿನ್ನ ಅಲ್ಲಿ ಹೇಗೆ ಬಂದು ಕೂತಿತು ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು.

ಪಾದರಸದ ಕೆಲಸ

ಚಿನ್ನಕ್ಕೂ ಪಾದರಸಕ್ಕೂ ಬಹಳ ಸ್ನೇಹ. ಚಿನ್ನದ ಉಂಗುರ ಹಾಕಿಕೊಂಡು ಒಡೆದ ಥರ್ಮಾಮೀಟರಿನ ಪಾದರಸ ಮುಟ್ಟಿದವರಿಗೆ ಇದು ಗೊತ್ತು. ಉಂಗುರ ಕ್ಷಣದಲ್ಲಿ ಬೆಳ್ಳಗಾಗಿಬಿಡುತ್ತದೆ. ಪಾದರಸ ಚಿನ್ನದೊಳಗೆ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಹಳೆಯ ಮುಲಾಮಿನವರು ಬಳಸಿಕೊಂಡದ್ದು ಈ ಗುಣವನ್ನೇ.

ಮೊದಲು ಚಿನ್ನವನ್ನು ತೆಳುವಾಗಿ ತಟ್ಟಿ, ಚೂರು ಮಾಡಿ, ಬಿಸಿ ಪಾದರಸಕ್ಕೆ ಹಾಕುತ್ತಿದ್ದರು. ಒಂದು ಪಾಲು ಚಿನ್ನಕ್ಕೆ ಸುಮಾರು ಎಂಟು ಪಾಲು ಪಾದರಸ. ಚಿನ್ನ ಕರಗಿದಂತೆ ಮಾಯವಾಗುತ್ತದೆ. ಆಮೇಲೆ ಅದನ್ನು ನೀರಿಗೆ ಸುರಿದು, ಮೆತ್ತನೆಯ ತೊಗಲಿನಲ್ಲಿ ಕಟ್ಟಿ ಹಿಂಡುತ್ತಾರೆ. ಹೆಚ್ಚಾದ ಪಾದರಸ ತೊಗಲಿನಿಂದ ಹೊರಗೆ ಜಿನುಗುತ್ತದೆ. ಒಳಗೆ ಉಳಿಯುವುದು ಬೆಣ್ಣೆಯಂಥ, ಬೆಳ್ಳಿಯ ಬಣ್ಣದ ಮುದ್ದೆ.

ಇತ್ತ ಕಂಚಿನ ತುಂಡನ್ನು ಕಾಯಿಸಿ, ಆಮ್ಲದಲ್ಲಿ ಅದ್ದಿ, ಜಿಡ್ಡು ಕಿಲುಬು ಒಂದಿಷ್ಟೂ ಇರದಂತೆ ತೊಳೆದಿಡುತ್ತಾರೆ. ಮೇಲೆ ಪಾದರಸ ಬೆರೆಸಿದ ನೈಟ್ರಿಕ್ ಆಮ್ಲವನ್ನು ಸವರುತ್ತಾರೆ. ಈಗ ಕಂಚು ಪೂರ್ತಿ ಬೆಳ್ಳಗಾಗುತ್ತದೆ, ಮುದ್ದೆಯನ್ನು ಹಿಡಿದುಕೊಳ್ಳಲು ಸಿದ್ಧವಾಗುತ್ತದೆ. ಹಿತ್ತಾಳೆ ತಂತಿಯ ಕುಂಚದಲ್ಲಿ ಮುದ್ದೆಯನ್ನು ತೆಗೆದು ಎಲ್ಲ ಕಡೆ ಹಚ್ಚಿ, ಇದ್ದಿಲ ಕೆಂಡದ ಮೇಲೆ ಹಿಡಿಯುತ್ತಾರೆ. ಪಾದರಸ ಕುದಿಯುವುದು ಸುಮಾರು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಆವಿಯಾಗಿ ಹೊರಟುಹೋಗುತ್ತದೆ, ಚಿನ್ನ ಉಳಿಯುತ್ತದೆ. ಒಂದೇ ಕಡೆ ಕೂಡದಂತೆ ತುಂಡನ್ನು ತಿರುಗಿಸುತ್ತಾ, ಕುಂಚದಿಂದ ತಟ್ಟುತ್ತಾ ಇರಬೇಕು. ಒಳ್ಳೆಯ ಕೆಲಸವಾದರೆ ಇದೇ ಕ್ರಮ ಎರಡು ಮೂರು ಸಲ.

ಹೀಗೆ ಕೂತ ಚಿನ್ನಕ್ಕೆ ಆಗ ಹೊಳಪೇ ಇರುವುದಿಲ್ಲ. ಮಂಕು ಹಳದಿ, ಅಷ್ಟೇ. ಹೊಳೆಯಬೇಕಾದ ಜಾಗವನ್ನು ಅಗೇಟ್ ಅಥವಾ ಹೆಮಟೈಟ್ ಕಲ್ಲಿನ ನಯವಾದ ತುದಿಯಿಂದ ಒತ್ತಿ ಒತ್ತಿ ಉಜ್ಜುತ್ತಾರೆ. ಹೊಳೆಯಬಾರದ ಜಾಗವನ್ನು ಉಪ್ಪು, ಪೆಟ್ಲುಪ್ಪು, ಪಟಿಕಗಳ ಮಿಶ್ರಣ ಹಚ್ಚಿ ಕಾಯಿಸಿ, ಮಂಜು ಕವಿದ ಹಾಗೆ ಮಾಡುತ್ತಾರೆ. ಒಂದೇ ಎಲೆಯ ನಡುನರ ಹೊಳೆಯುತ್ತದೆ, ಅಕ್ಕಪಕ್ಕ ಮಂಕಾಗಿರುತ್ತದೆ. ಮೇಣದ ಬತ್ತಿಯ ಬೆಳಕಿನಲ್ಲಿ ಈ ವ್ಯತ್ಯಾಸ ಅಲುಗಾಡಿದಂತೆ ಕಾಣುತ್ತದೆ. ಈ ವಸ್ತುಗಳನ್ನು ಮಾಡಿದ್ದೇ ಬತ್ತಿಯ ಬೆಳಕಿಗಾಗಿ. ಟ್ಯೂಬ್‌ಲೈಟ್ ಕೆಳಗೆ ಇಟ್ಟು 'ಯಾಕೋ ಮಬ್ಬಾಗಿದೆ' ಅನ್ನುವುದು ಸರಿಯಲ್ಲ.

ಒಂದು ಮುಖ್ಯ ಸಂಗತಿ. ಮೈಸೂರು ಶೈಲಿಯ ಚಿತ್ರದಲ್ಲಿ ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಅಂಟಿಸುತ್ತಾರಲ್ಲ, ಯೂರೋಪಿನ ಮರದ ಚೌಕಟ್ಟು, ಕುರ್ಚಿಗಳ ಮೇಲಿನ ಚಿನ್ನವೂ ಹೆಚ್ಚುಕಡಿಮೆ ಹಾಗೆಯೇ. ಸುಣ್ಣಕಲ್ಲಿನ ಪುಡಿ ಮತ್ತು ಅಂಟಿನ ಲೇಪ, ಅದರ ಮೇಲೆ ಕೆಂಪು ಜೇಡಿ, ಅದರ ಮೇಲೆ ರೇಕು. ಕಂಚಿನ ಮೇಲೆ ಇರುವುದು ಅಂಟಿಸಿದ ಚಿನ್ನ ಅಲ್ಲ, ಬೆಸೆದ ಚಿನ್ನ. ಪಾದರಸ ಹೋಗುವಾಗ ಚಿನ್ನವನ್ನು ಲೋಹದ ಮೈಗೆ ಕೂಡಿಸಿಯೇ ಹೋಗುತ್ತದೆ. 250 ವರ್ಷ ಕಳೆದರೂ ಅದು ಹಾಗೇ ಇರುವುದು ಇದೇ ಕಾರಣಕ್ಕೆ.

ಆ ಹೊಗೆ ಎಲ್ಲಿಗೆ ಹೋಯಿತು?

ಪಾದರಸ ಆವಿಯಾಗಿ 'ಹೊರಟುಹೋಗುತ್ತದೆ' ಎಂದು ಮೇಲೆ ಒಂದೇ ಮಾತಿನಲ್ಲಿ ಹೇಳಿಬಿಟ್ಟೆ. ಆದರೆ ಅದು ಹೋದದ್ದು ಕೆಲಸಗಾರನ ಮೂಗಿಗೆ, ಶ್ವಾಸಕೋಶಕ್ಕೆ. ಮುಲಾಮಿನವರ ಕೈ ನಡುಗುತ್ತಿತ್ತು, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಹಲ್ಲು ಸಡಿಲವಾಗಿ ಉದುರುತ್ತಿತ್ತು. ಯೌವನದಲ್ಲೇ ಮುದುಕರಂತಾಗುತ್ತಿದ್ದರು. ಗೊತ್ತಿದ್ದೂ ಗೊತ್ತಿದ್ದೂ ಕೆಲಸ ನಡೆಯುತ್ತಿತ್ತು, ಯಾಕೆಂದರೆ ಅರಮನೆಗೆ ಗಡಿಯಾರ ಬೇಕಿತ್ತು.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಆಂತ್ವಾನ್-ಆಂದ್ರೆ ರಾವ್ರಿಯೊ, ನೆಪೋಲಿಯನ್ ಕಾಲದ ಪ್ಯಾರಿಸ್‌ನ ದೊಡ್ಡ ಕಂಚಿನ ವ್ಯಾಪಾರಿ. 1814ರಲ್ಲಿ ತೀರಿಕೊಂಡ. ಅವನ ಉಯಿಲಿನಲ್ಲಿ ಒಂದು ಸಾಲು ಇತ್ತು: ಮುಲಾಮು ಹಾಕುವವರನ್ನು ಪಾದರಸದ ವಿಷದಿಂದ ಕಾಪಾಡುವ ದಾರಿ ಕಂಡುಹಿಡಿದವರಿಗೆ 3,000 ಫ್ರಾಂಕ್ ಬಹುಮಾನ. ತನ್ನ ಅಂಗಡಿಯ ಸಂಪತ್ತು ಯಾರ ಉಸಿರಿನಿಂದ ಬಂತು ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು. ಫ್ರೆಂಚ್ ವಿಜ್ಞಾನ ಅಕಾಡೆಮಿ ನಡೆಸಿದ ಈ ಸ್ಪರ್ಧೆಯಲ್ಲಿ ಗೆದ್ದವನು ರಸಾಯನ ವಿಜ್ಞಾನಿ ಜಾನ್-ಪಿಯೆರ್-ಜೋಸೆಫ್ ದಾರ್ಸೆ. ಅವನ ಉಪಾಯ ಸರಳ. ಒಲೆಯ ಚಿಮಣಿಗೆ ಪಕ್ಕದಲ್ಲಿ ಇನ್ನೊಂದು ಸಣ್ಣ ಬೆಂಕಿಯನ್ನು ಸೇರಿಸಿದ. ಆ ಬಿಸಿಗೆ ಚಿಮಣಿಯೊಳಗೆ ಗಾಳಿ ಜೋರಾಗಿ ಮೇಲಕ್ಕೆ ಎಳೆಯುತ್ತದೆ, ಕೆಲಸಗಾರನ ಮುಖದ ಕಡೆ ಬರುವ ಆವಿಯೂ ಅದರ ಜೊತೆ ಹೋಗುತ್ತದೆ. ಇದನ್ನೆಲ್ಲ ವಿವರಿಸಿ 1818ರಲ್ಲಿ ಪುಸ್ತಕವನ್ನೂ ಪ್ರಕಟಿಸಿದ. ಇವತ್ತು ನಾವು ಈ ಹಳೆಯ ಮುಲಾಮಿನ ಬಗ್ಗೆ ಇಷ್ಟು ವಿವರವಾಗಿ ಮಾತಾಡಲು ಸಾಧ್ಯವಾಗಿರುವುದಕ್ಕೆ ಅವನಂಥವರು ಬರೆದಿಟ್ಟದ್ದೂ ಒಂದು ಕಾರಣ.

ನನ್ನ ಕಪಾಟಿನ ಮುಂದೆ ನಿಂತಾಗ ರಾವ್ರಿಯೊ ಬಹಳ ಸಲ ನೆನಪಾಗುತ್ತಾನೆ. ಮನೆಯಲ್ಲಿ ಇಟ್ಟುಕೊಂಡವರಿಗೆ ಅಪಾಯವೇ ಎಂದು ಕೆಲವರು ಕೇಳುತ್ತಾರೆ. ಚಿನ್ನದೊಳಗೆ ಪಾದರಸದ ಅಂಶ ಬಹಳ ಸ್ವಲ್ಪ ಉಳಿದಿರುತ್ತದೆ. ಸುಮ್ನೆ ಕಪಾಟಿನಲ್ಲಿ ಇದ್ದರೆ ಹೆದರುವಂಥದ್ದೇನಿಲ್ಲ. ಆದರೆ ಅದನ್ನು ಬೆಂಕಿಗೆ ಹಿಡಿಯುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಬೆಸುಗೆ ಹಾಕಲು ಕಾಯಿಸುವುದು ಖಂಡಿತ ಬೇಡ.

ಯಾರು ಮಾಡಿದರು

ಹಳೆಯ ಪ್ಯಾರಿಸ್‌ನಲ್ಲಿ ಒಬ್ಬನೇ ಎಲ್ಲವನ್ನೂ ಮಾಡುವಂತಿರಲಿಲ್ಲ. ಎರಕ ಹೊಯ್ಯುವವರ ಸಂಘ ಬೇರೆ, ಚಿನ್ನ ಹಾಕುವವರ ಸಂಘ ಬೇರೆ. ಶಿಲ್ಪಿ ಮೇಣದಲ್ಲೋ ಮರದಲ್ಲೋ ಮಾದರಿ ಮಾಡಿಕೊಡುತ್ತಿದ್ದ. ಅದರಿಂದ ಮರಳಿನ ಅಚ್ಚು ತೆಗೆದು ಎರಕ. ಎರಕದಿಂದ ಹೊರಬಂದ ತುಂಡು ಒರಟೊರಟು. ಆಮೇಲೆ ಉಳಿ, ಚಾಣ ಹಿಡಿದು ಕೂತವನ ಕೆಲಸ ಶುರು. ಕೂದಲಿನ ಎಳೆ, ಎಲೆಯ ನರ, ಹೂವಿನ ಎಸಳಿನ ಅಂಚು ಎಲ್ಲವನ್ನೂ ಅವನು ಕೊರೆದು ತೀಡಬೇಕು. ನನ್ನ ಲೆಕ್ಕದಲ್ಲಿ ಈ ವಸ್ತುಗಳ ಜೀವ ಇರುವುದು ಈ ತೀಡುವಿಕೆಯಲ್ಲಿ. ಚಿನ್ನದ್ದು ಆಮೇಲಿನ ಮಾತು. ತೂಕದ ಲೆಕ್ಕ ಹಾಕಿದರೆ ಒಂದು ವಸ್ತುವಿನ ಮೇಲಿನ ಚಿನ್ನಕ್ಕೆ ಸಿಗುವ ಬೆಲೆ ಬಹಳ ಕಡಿಮೆ. ದುಡ್ಡು ಕೊಡುವುದು ಕೈಕೆಲಸಕ್ಕೆ.

ಇಷ್ಟು ಕೈ ಸೇರಿ ಮಾಡಿದ್ದರಿಂದ ಹೆಚ್ಚಿನ ವಸ್ತುಗಳ ಮೇಲೆ ಹೆಸರೇ ಇಲ್ಲ. ಹೆಸರಿಲ್ಲ ಅಂತ ಕೈಬಿಡಬೇಡಿ, ಹೆಸರಿದೆ ಅಂತ ಕಣ್ಣುಮುಚ್ಚಿ ನಂಬಲೂಬೇಡಿ.

ಹೆಸರು ಕೊರೆದ ಅಪರೂಪದ ವಸ್ತು ಒಂದು ಲಂಡನ್ನಿನ ವ್ಯಾಲೇಸ್ ಕಲೆಕ್ಷನ್ ಎಂಬ ಮ್ಯೂಸಿಯಂನಲ್ಲಿದೆ. ಅವಿನ್ಯೋನ್ ಗಡಿಯಾರ ಎಂದು ಕರೆಯುತ್ತಾರೆ. ಅವಿನ್ಯೋನ್ ಪಟ್ಟಣವನ್ನು ಪೋಪ್ ಕೈಯಿಂದ ಫ್ರಾನ್ಸ್ ಕೆಲವು ವರ್ಷ ಕಸಿದುಕೊಂಡಿದ್ದಾಗ ಅಲ್ಲಿ ಅಧಿಕಾರ ನಡೆಸಿದ ರೋಶ್‌ಶ್ವಾರ್‌ನ ಮಾರ್ಕ್ವಿಸ್‌ಗೆ ಆ ಊರಿನವರು ಕೊಟ್ಟ ಉಡುಗೊರೆ ಇದು. ರೋನ್ ಮತ್ತು ದ್ಯುರಾನ್ಸ್ ನದಿಗಳು ಮನುಷ್ಯರೂಪದಲ್ಲಿ ಒರಗಿ ಕೂತಿವೆ. ಮಾದರಿ ಬ್ವಾಜೊ ಎಂಬ ಶಿಲ್ಪಿಯದು. ತೀಡಿ ಚಿನ್ನ ಹಾಕಿದವನು ಪಿಯೆರ್ ಗೂಥಿಯೇರ್. ರಾಜನ ಮುಲಾಮಿನವನು ಎಂಬ ಬಿರುದು, ಅಂಗಡಿಯ ವಿಳಾಸ, ಅಂಗಡಿಯ ಗುರುತಾದ 'ಚಿನ್ನದ ಬಕಲ್', ಕೊನೆಗೆ 1771 ಎಂಬ ವರ್ಷ, ಎಲ್ಲವನ್ನೂ ಅದರ ಮೇಲೆ ಕೊರೆಸಿದ್ದಾನೆ. ತನ್ನ ಕೆಲಸದ ಮೇಲೆ ಅವನಿಗೆ ಅಷ್ಟು ಹೆಮ್ಮೆ. ಮಂಕು ಮುಲಾಮನ್ನು ಆ ಮಟ್ಟಕ್ಕೆ ಒಯ್ದವನು ಅವನೇ.

ಅಂಥವನ ಕೊನೆ ಚೆನ್ನಾಗಿರಲಿಲ್ಲ. 15ನೇ ಲೂಯಿಯ ಪ್ರೇಯಸಿ ಮದಾಮ್ ದ್ಯು ಬ್ಯಾರಿಯ ಬಂಗಲೆಗೆ ರಾಶಿ ಕೆಲಸ ಮಾಡಿಕೊಟ್ಟ. ದುಡ್ಡು ಪೂರ್ತಿ ಬರಲಿಲ್ಲ. ಫ್ರೆಂಚ್ ಕ್ರಾಂತಿಯಲ್ಲಿ ಆಕೆಯ ತಲೆ ಹೋಯಿತು, ಬಾಕಿಯೂ ಹೋಯಿತು. ಗೂಥಿಯೇರ್ 1813ರಲ್ಲಿ ಬಡತನದಲ್ಲೇ ತೀರಿಕೊಂಡ. ಅವನ ನಂತರದ ದೊಡ್ಡ ಹೆಸರು ಪಿಯೆರ್-ಫಿಲಿಪ್ ತೊಮೀರ್. ನೆಪೋಲಿಯನ್ ಕಾಲದಲ್ಲಿ ನೂರಾರು ಜನರನ್ನು ಇಟ್ಟುಕೊಂಡು ಕಾರ್ಖಾನೆಯನ್ನೇ ನಡೆಸಿದ.

ಇಂಗ್ಲೆಂಡಿನಲ್ಲಿ ಇದನ್ನು ಗಂಭೀರವಾಗಿ ಪ್ರಯತ್ನಿಸಿದವನು ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೌಲ್ಟನ್. ಹೌದು, ಜೇಮ್ಸ್ ವಾಟ್ ಜೊತೆ ಸೇರಿ ಉಗಿ ಯಂತ್ರ ಮಾಡಿದ ಅದೇ ಬೌಲ್ಟನ್. ಡರ್ಬಿಶೈರ್‌ನ ಬ್ಲೂ ಜಾನ್ ಎಂಬ ನೇರಳೆ ಪಟ್ಟೆಯ ಕಲ್ಲಿಗೆ ಗಿಲೀಟು ಕಂಚು ಕೂರಿಸಿ ಅವನು ಮಾಡಿಸಿದ ಹೂದಾನಿಗಳು ರಾಜ 3ನೇ ಜಾರ್ಜ್‌ನ ಮನೆ ಸೇರಿದವು.

ಪ್ಯಾರಿಸ್‌ನ ವ್ಯಾಪಾರಿಗಳು ಇನ್ನೊಂದು ಕೆಲಸ ಮಾಡಿದರು. ಚೀನಾದಿಂದ ಬಂದ ಪಿಂಗಾಣಿ ಹೂದಾನಿಗೆ ಕೆಳಗೆ ಪಾದ, ಮೇಲೆ ಅಂಚು, ಪಕ್ಕಕ್ಕೆ ಹಿಡಿಕೆ ಎಲ್ಲವನ್ನೂ ಗಿಲೀಟು ಕಂಚಿನಲ್ಲಿ ಮಾಡಿಸಿ, ಬೆಲೆ ಹೆಚ್ಚಿಸಿ ಮಾರುತ್ತಿದ್ದರು. ಲಜಾರ್ ದ್ಯುವೊ ಎಂಬ ವ್ಯಾಪಾರಿಯ 1748ರಿಂದ 1758ರವರೆಗಿನ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ಅದರಲ್ಲಿ 15ನೇ ಲೂಯಿಯ ಇನ್ನೊಬ್ಬ ಪ್ರೇಯಸಿ ಮದಾಮ್ ದ ಪೊಂಪದೂರ್ ಹೆಸರು ಮತ್ತೆ ಮತ್ತೆ ಬರುತ್ತದೆ. ಕೊಂಡವರು ಯಾರು, ಎಷ್ಟಕ್ಕೆ ಎಂದು ದಿನದ ಲೆಕ್ಕದಲ್ಲೇ ಸಿಗುವಾಗ, ಆ ಕಾಲದ ಅಂಗಡಿಯ ಬಾಗಿಲಲ್ಲೇ ನಿಂತಂತೆ ಆಗುತ್ತದೆ ಅಲ್ವಾ?

ಮತ್ತೆ ಫ್ರಾನ್ಸಿನ ರಾಜರ ವಸ್ತುಗಳು ಲಂಡನ್ನಿಗೆ ಹೇಗೆ ಬಂದವು? ಕ್ರಾಂತಿಯ ನಡುವೆ, 1793ರ ಆಗಸ್ಟ್‌ನಲ್ಲಿ, ವರ್ಸಾಯ್ ಅರಮನೆಯ ಸಾಮಾನಿನ ಹರಾಜು ಶುರುವಾಯಿತು. ಸುಮಾರು ಒಂದು ವರ್ಷ ನಡೆಯಿತು. 17,000ಕ್ಕೂ ಹೆಚ್ಚು ಲಾಟ್‌ಗಳು. ಕಂಚು, ಗಡಿಯಾರ, ಮೇಜು ಎಲ್ಲ ಚೆಲ್ಲಾಪಿಲ್ಲಿಯಾಗಿ ಹೋದವು. ಮುಂದಿನ ದಶಕಗಳಲ್ಲಿ ಇಂಗ್ಲಿಷ್ ಶ್ರೀಮಂತರು ಹುಡುಕಿ ಹುಡುಕಿ ಕೊಂಡರು. ಹರ್ಟ್‌ಫರ್ಡ್ ಮನೆತನದ ಆ ಸಂಗ್ರಹವೇ ಮುಂದೆ ವ್ಯಾಲೇಸ್ ಕಲೆಕ್ಷನ್ ಆಗಿ 1900ರಲ್ಲಿ ಜನರಿಗೆ ತೆರೆಯಿತು. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ನನ್ನ ಮೊದಲ ಸಲಹೆ ಇದೇ: ಕೊಳ್ಳುವ ಮೊದಲು ಅಲ್ಲಿಗೆ ನಾಲ್ಕು ಸಲ ಹೋಗಿ. ಪ್ರವೇಶ ಉಚಿತ. ಊರಲ್ಲಿರುವವರು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಬಹುದು. ಅಲ್ಲಿ ಯೂರೋಪಿನ ಗಡಿಯಾರ, ಫ್ರೆಂಚ್ ಪೀಠೋಪಕರಣ ಸಾಕಷ್ಟಿವೆ. ಒಳ್ಳೆಯದನ್ನು ನೋಡಿ ನೋಡಿ ಕಣ್ಣು ಪಳಗಿದರೆ ಕೆಟ್ಟದ್ದು ತಾನಾಗಿ ಗೊತ್ತಾಗುತ್ತದೆ.

ನನ್ನ ಮೊದಲ ಜೋಡಿ

ನಾನು ಮೊದಲು ಕೊಂಡದ್ದು ಒಂದು ಜೋಡಿ ಮೇಣದ ಬತ್ತಿಯ ಕಂಬ. ಯೂರೋಪಿನ ಒಂದು ಊರಿನ ಭಾನುವಾರದ ಸಂತೆ. ಚೀಟಿಯಲ್ಲಿ 'ಆರ್ಮೊಲು, 18ನೇ ಶತಮಾನ' ಎಂದು ಬರೆದಿತ್ತು. ಪುಟ್ಟ ಮಗುವಿನ ಆಕೃತಿ ಒಂದು ಕೈಯೆತ್ತಿ ಬತ್ತಿಯ ಬಟ್ಟಲು ಹಿಡಿದಿದೆ. ಚಿನ್ನ ಫಳಫಳ. ಮಾರುವವನು ಬಹಳ ವಿಶ್ವಾಸದಿಂದ ಮಾತಾಡಿದ. ನಾನು ತಿರುಗಿಸಿಯೂ ನೋಡದೆ ದುಡ್ಡು ಕೊಟ್ಟೆ.

ಮನೆಗೆ ಬಂದು ತಲೆಕೆಳಗು ಮಾಡಿದೆ. ತಳದ ಅಂಚಿನಲ್ಲಿ ಚಿನ್ನ ಸವೆದ ಕಡೆ ಬೂದು ಬಿಳಿ ಬಣ್ಣ. ಕಂಚೋ ಹಿತ್ತಾಳೆಯೋ ಆಗಿದ್ದರೆ ಅಲ್ಲಿ ಹಳದಿಯೋ ಕೆಂಪೋ ಕಾಣಬೇಕಿತ್ತು. ಬೆರಳಿನಿಂದ ತಟ್ಟಿದೆ. ಕಂಚಿನ ಗಂಟೆಯಂತೆ ಠಣ್ ಎನ್ನಲಿಲ್ಲ, ದಬ್ ಎಂದಿತು. ಮಗುವಿನ ತೋಳು ಭುಜಕ್ಕೆ ಸೇರುವಲ್ಲಿ ಒಂದು ಸಣ್ಣ ಬಿರುಕು, ಅದರಲ್ಲೂ ಅದೇ ಬೂದು. ಒಳಗೆ ಟೊಳ್ಳು, ಎತ್ತಿದರೆ ಗಾತ್ರಕ್ಕೆ ತಕ್ಕ ತೂಕವಿಲ್ಲ. ಅದು ಸತು. ಇಂಗ್ಲಿಷಿನಲ್ಲಿ ಸ್ಪೆಲ್ಟರ್ ಎನ್ನುತ್ತಾರೆ, ಫ್ರೆಂಚಿನಲ್ಲಿ ರೆಗ್ಯುಲ್. ಹೊರಗೆ ಥಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಅಕ್ಷರಶಃ ಹಾಗೆ.

ಆದರೆ ಆ ಜೋಡಿ ಕಲಿಸಿದ ಪಾಠ ದೊಡ್ಡದು. ಸತು ಸುಮಾರು 420 ಡಿಗ್ರಿಯಲ್ಲೇ ಕರಗುತ್ತದೆ. ಪಾದರಸದ ಜೊತೆಗೂ ಸುಲಭವಾಗಿ ಬೆರೆತುಬಿಡುತ್ತದೆ. ಅಂಥದ್ದನ್ನು ಕೆಂಡದ ಮೇಲೆ ಹಿಡಿದು ಪಾದರಸದ ಮುಲಾಮು ಹಾಕುವುದು ಆಗದ ಮಾತು. ಅಂದರೆ ಚಿನ್ನ ಹಾಕಿದ ಸತು ಕಂಡರೆ ಅದು ವಿದ್ಯುತ್ತಿನಿಂದ ಚಿನ್ನ ಕೂರಿಸುವುದು ಬಂದ ಮೇಲಿನದೇ ಇರಬೇಕು. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಸೋದರಸಂಬಂಧಿಗಳು ಅದರ ಪೇಟೆಂಟ್ ತೆಗೆದುಕೊಂಡದ್ದು 1840ರಲ್ಲಿ. ಪ್ಯಾರಿಸ್‌ನ ಕ್ರಿಸ್ತೋಫ್ಲ್ ಕಂಪನಿ 1842ರಲ್ಲಿ ಅದರ ಹಕ್ಕು ಪಡೆಯಿತು. ಹೀಗಾಗಿ '18ನೇ ಶತಮಾನ' ಎಂಬ ಆ ಚೀಟಿ ಲೋಹದ ಒಂದೇ ಸಾಕ್ಷಿಯ ಮುಂದೆ ನಿಲ್ಲುವುದಿಲ್ಲ. ಹೀಗೆ ತರ್ಕ ಮಾಡುತ್ತಾ ಹೋಗುವುದೇ ಈ ಹವ್ಯಾಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ.

ಸತುವಿನ ವಸ್ತು ಕೊಳ್ಳಲೇಬಾರದು ಅಂತಲ್ಲ. 19ನೇ ಶತಮಾನದ ಮಧ್ಯಮ ವರ್ಗದ ಮನೆಗಳಿಗೆ ಚಂದವನ್ನು ತಂದದ್ದು ಅದೇ. ಸತುವಿನ ಬೆಲೆಗೆ ಕೊಳ್ಳಿ, ಕಂಚಿನ ಬೆಲೆಗೆ ಬೇಡ, ಅಷ್ಟೇ.

ಬೆನ್ನಿನ ಮೇಲೆ ಏನೇನಿದೆ

ಪಾದರಸದ ಮುದ್ದೆಯನ್ನು ಕುಂಚದಲ್ಲಿ ಹಚ್ಚುತ್ತಿದ್ದರು ಎಂದೆನಲ್ಲ? ಚಿನ್ನ ದುಬಾರಿ. ಕಾಣದ ಕಡೆ ಯಾಕೆ ಹಚ್ಚಬೇಕು? ಹಾಗಾಗಿ ಹಳೆಯ ತುಂಡಿನ ಬೆನ್ನು ಸಾಮಾನ್ಯವಾಗಿ ಬರೀ ಲೋಹ. ಅಂಚಿನಲ್ಲಿ ಮಾತ್ರ ಕುಂಚ ದಾಟಿದ ಕಡೆ ಚಿನ್ನ ಏರುಪೇರಾಗಿ ಹರಿದಿರುತ್ತದೆ. ವಿದ್ಯುತ್ತಿನ ಮುಲಾಮಿನಲ್ಲಿ ವಸ್ತುವನ್ನು ಪೂರ್ತಿ ದ್ರಾವಣದಲ್ಲಿ ಮುಳುಗಿಸುತ್ತಾರೆ. ಅಲ್ಲಿ ಹಿಂದೆ, ಮುಂದೆ, ಸಂದುಗೊಂದು ಎಲ್ಲ ಕಡೆ ಒಂದೇ ಸಮನೆ ತೆಳು ಚಿನ್ನ ಕೂರುತ್ತದೆ. ಬೆನ್ನು ಕೂಡ ಮುಂಭಾಗದಷ್ಟೇ ನೀಟಾಗಿ ಹೊಳೆಯುತ್ತಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಒಂದು ಎಚ್ಚರಿಕೆಯೂ ಇದೆ: ಹಳೆಯ ಕಂಚಿಗೆ ಆಮೇಲೆ ವಿದ್ಯುತ್ ಮುಲಾಮು ಹಾಕಿಸಿರುವುದೂ ಉಂಟು. ಹಾಗಾಗಿ ಹೊಸ ಚಿನ್ನದ ಕೆಳಗೆ ಹಳೆಯ ಎರಕ ಇರಬಹುದು.

ಬೆನ್ನಿನ ಲೋಹದ ಬಣ್ಣ ನೋಡಿ 'ಇದು ಕಂಚಲ್ಲ, ಹಿತ್ತಾಳೆ' ಎಂದು ತಿರಸ್ಕರಿಸುವವರನ್ನೂ ಕಂಡಿದ್ದೇನೆ. ಅದು ತಪ್ಪು. 18ನೇ ಶತಮಾನದ ಪ್ಯಾರಿಸ್ 'ಕಂಚು' ಹೆಚ್ಚಾಗಿ ತಾಮ್ರಕ್ಕೆ ಸತು ಸೇರಿಸಿ, ಸ್ವಲ್ಪ ತವರ, ಸೀಸ ಬೆರೆಸಿದ್ದು. ನಮ್ಮ ಲೆಕ್ಕದಲ್ಲಿ ಅದು ಹಿತ್ತಾಳೆಯ ಕಡೆಗೇ ಬರುತ್ತದೆ.

ತಿರುಪುಮೊಳೆ ಬಿಚ್ಚಿ ನೋಡಲು ಬಿಟ್ಟರೆ ನೋಡಿ. ಹಳೆಯವು ಕೈಯಲ್ಲಿ ಕೊರೆದವು, ಒಂದರಂತೆ ಇನ್ನೊಂದಿಲ್ಲ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಯಂತ್ರದವು. ಭೂತಗನ್ನಡಿ ಹಿಡಿದು ಕೆತ್ತನೆ ನೋಡಿ. ಚಾಣದ ಗುರುತು ಚೂಪಾಗಿ, ಗೆರೆಯ ತುದಿ ಮೊನಚಾಗಿ ಮುಗಿದಿರಬೇಕು. ಇರುವ ವಸ್ತುವಿನಿಂದಲೇ ಅಚ್ಚು ತೆಗೆದು ಮರು ಎರಕ ಹೊಯ್ದದ್ದಾದರೆ ವಿವರಗಳು ಸಾಬೂನು ಸವೆದ ಹಾಗೆ ಮೊಂಡಾಗಿರುತ್ತವೆ. ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ ಅಳತೆಯೂ ಮೂಲಕ್ಕಿಂತ ಒಂದಿಷ್ಟು ಚಿಕ್ಕದಾಗುತ್ತದೆ.

ಎಲ್ಲೋ ಒಂದು ಮೂಲೆಯಲ್ಲಿ ಕಿರೀಟದ ಕೆಳಗೆ 'ಸಿ' ಅಕ್ಷರದ ಪುಟ್ಟ ಮುದ್ರೆ ಕಂಡರೆ ಹೃದಯ ಜೋರಾಗಿ ಹೊಡೆದುಕೊಳ್ಳುವುದು ಸಹಜ. 1745ರ ಮಾರ್ಚ್‌ನಿಂದ 1749ರ ಫೆಬ್ರವರಿಯವರೆಗೆ ಫ್ರಾನ್ಸಿನಲ್ಲಿ ತಾಮ್ರದ ಮಿಶ್ರಲೋಹಗಳಿಗೆ ಹಾಕಿದ್ದ ತೆರಿಗೆಯ ಮುದ್ರೆ ಅದು. ಆ ನಾಲ್ಕು ವರ್ಷದಲ್ಲಿ ಹೊಸದಾಗಿ ಮಾಡಿದ್ದಕ್ಕೂ ಹೊಡೆದರು, ಮಾರಾಟಕ್ಕೆ ಬಂದ ಹಳೆಯದಕ್ಕೂ ಹೊಡೆದರು. ಹಾಗಾಗಿ ಅದು ಹೇಳುವುದು ವಸ್ತು ಆ ಹೊತ್ತಿಗಾಗಲೇ ಇತ್ತು ಎಂದು ಮಾತ್ರ. ಮುದ್ರೆಯನ್ನು ನಕಲು ಮಾಡುವುದೂ ಕಷ್ಟವಲ್ಲ. ಮುದ್ರೆಯ ಜೊತೆ ಕೆತ್ತನೆ, ಚಿನ್ನ, ಮೊಳೆ ಎಲ್ಲವೂ ಒಂದೇ ಕಥೆ ಹೇಳಬೇಕು.

ಗಡಿಯಾರವಾದರೆ ಹಿಂದಿನ ಬಾಗಿಲು ತೆಗೆದು ಯಂತ್ರ ನೋಡಿ. ಲೋಲಕ ರೇಷ್ಮೆ ದಾರದಲ್ಲಿ ತೂಗುತ್ತಿದ್ದರೆ ಸಾಮಾನ್ಯವಾಗಿ 19ನೇ ಶತಮಾನದ ನಡುಭಾಗಕ್ಕಿಂತ ಹಿಂದಿನದು. 19ನೇ ಶತಮಾನದ ಯಂತ್ರಗಳ ಹಿಂದಿನ ತಟ್ಟೆಯಲ್ಲಿ ಜಾಪಿ, ವಿನ್ಸೆಂಟಿ ಥರದ ಕಂಪನಿಗಳ ಮುದ್ರೆ ಇರುತ್ತದೆ. ವಸ್ತುಪ್ರದರ್ಶನದಲ್ಲಿ ಗೆದ್ದ ಪದಕದ ಇಸವಿಯೂ ಇರಬಹುದು. ಆ ಇಸವಿಯೇ ಗಡಿಯಾರ ಮಾಡಿದ ವರ್ಷ ಎಂದು ಬಹಳ ಜನ ತಿಳಿಯುತ್ತಾರೆ. ಅಲ್ಲ, 1855ರ ಪದಕ ಇದ್ದರೆ ಯಂತ್ರ ಅದಕ್ಕಿಂತ ಮೊದಲಿನದಲ್ಲ ಎಂದಷ್ಟೇ. ಇನ್ನೊಂದು ಮಾತು, ಯಂತ್ರ ಬದಲಾಗಿರಬಹುದು. ಹೊರಗಿನ ಕಂಚಿನಲ್ಲಿ ಬಳಸದ ರಂಧ್ರಗಳು ಕಂಡರೆ ಯಾಕೆ ಅಂತ ಕೇಳಿ.

ದೊಡ್ಡ ಮೊತ್ತದ ಖರೀದಿಯಾದರೆ ಕ್ಷ-ಕಿರಣದ ಪರೀಕ್ಷೆ ಮಾಡಿಸಬಹುದು. ಎಕ್ಸ್‌ಆರ್‌ಎಫ್ ಎನ್ನುತ್ತಾರೆ. ವಸ್ತುವಿಗೆ ಗೀರು ಕೂಡ ಬೀಳುವುದಿಲ್ಲ. ಮೇಲ್ಮೈಯ ಚಿನ್ನದ ಜೊತೆ ಪಾದರಸ ಸಿಕ್ಕಿದರೆ ಕೆಂಡದ ಮೇಲೆ ಹಾಕಿದ ಹಳೆಯ ಪಾದರಸದ ಮುಲಾಮು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ಹುಣಸೆಹಣ್ಣು ದೂರ ಇಡಿ

ನಾವು ಹಬ್ಬ ಬಂದರೆ ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವ ಜನ. ಕಪ್ಪಾದದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಇಲ್ಲಿ ಮಾತ್ರ ಕೈ ಕಟ್ಟಿಕೊಳ್ಳಬೇಕು. ಚಿನ್ನ ಕಪ್ಪಾಗುವುದಿಲ್ಲ. ಕಪ್ಪು ಚುಕ್ಕೆ ಬರುವುದು ಕೆಳಗಿನ ತಾಮ್ರ ಸೂಕ್ಷ್ಮ ರಂಧ್ರಗಳಿಂದ ಮೇಲೆ ಬಂದು ಕಿಲುಬು ಹಿಡಿದಾಗ. ಲೋಹದ ಪಾಲಿಶ್ ಹಾಕಿ ತಿಕ್ಕಿದರೆ ಕಿಲುಬಿನ ಜೊತೆ ಕೂದಲಿನ ದಪ್ಪಕ್ಕಿಂತ ಎಷ್ಟೋ ತೆಳುವಾದ ಚಿನ್ನವೂ ಬಟ್ಟೆಗೆ ಬರುತ್ತದೆ. ಮಂಕು ಭಾಗಗಳು ಮೊದಲು ಹಾಳಾಗುತ್ತವೆ. ಒಂದು ಮಧ್ಯಾಹ್ನದ ತಿಕ್ಕುವಿಕೆಯಲ್ಲಿ ಹೋದ ಮಂಕು ಮುಲಾಮನ್ನು ಯಾರೂ ವಾಪಸ್ ತರಲಾರರು. ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ, ಸಾಕು. ಮುಟ್ಟುವಾಗ ಹತ್ತಿಯ ಅಥವಾ ನೈಟ್ರೈಲ್ ಕೈಗವಸು ಹಾಕಿ. ಬೆವರಿನ ಉಪ್ಪು ಒಳ್ಳೆಯದಲ್ಲ. ಅದಕ್ಕಿಂತ ಜಾಸ್ತಿ ಏನಾದರೂ ಬೇಕಿದ್ದರೆ ಲೋಹದ ಸಂರಕ್ಷಣೆ ಕಲಿತವರ ಹತ್ತಿರ ಒಯ್ಯಿರಿ.

ವಿದೇಶದಲ್ಲಿ ಕೊಂಡು ಊರಿಗೆ ತರುವವರು ಒಂದನ್ನು ಗಮನಿಸಿ. ಬೂಲ್ ಶೈಲಿಯ ಗಡಿಯಾರ, ಪೆಟ್ಟಿಗೆಗಳಲ್ಲಿ ಹಿತ್ತಾಳೆಯ ಜೊತೆ ಆಮೆಯ ಚಿಪ್ಪು ಕೂರಿಸಿರುತ್ತಾರೆ. ಕೆಲವದರಲ್ಲಿ ಆನೆದಂತ ಇರುತ್ತದೆ. ಎರಡಕ್ಕೂ ಅಂತಾರಾಷ್ಟ್ರೀಯ ನಿರ್ಬಂಧ ಇದೆ. ಎಷ್ಟೇ ಹಳೆಯದಾದರೂ ಕಾಗದಪತ್ರ ಇಲ್ಲದೆ ಗಡಿ ದಾಟಿಸಲು ಹೋಗಬೇಡಿ. ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಇನ್ನು ಎಲ್ಲಿಂದ ಶುರು ಮಾಡಬೇಕು? ಗಡಿಯಾರದಿಂದ ಬೇಡ. ಹಳೆಯ ಬೀರುಗಳಿಂದ ಕಳಚಿ ಬಂದ ಬಿಡಿ ತುಂಡುಗಳು ಸಂತೆಗಳಲ್ಲಿ, ಹರಾಜಿನ ಕೊನೆಯ ಪೆಟ್ಟಿಗೆಗಳಲ್ಲಿ ಸಿಗುತ್ತವೆ. ಒಂದು ಹಿಡಿಕೆ, ಒಂದು ಮೂಲೆಪಟ್ಟಿ, ಬೀಗದ ಕಿಂಡಿಯ ಸುತ್ತ ಕೂರಿಸುವ ತಗಡು. ಗಡಿಯಾರದ ಬೆಲೆಗೆ ಹೋಲಿಸಿದರೆ ಇವು ಅಗ್ಗ. ಮುಖ್ಯವಾಗಿ, ಇವುಗಳ ಬೆನ್ನು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.

ನನ್ನ ಮೇಜಿನ ಮೇಲೆ ಅಂಥ ಒಂದು ಬೀಗದ ತಗಡು ಯಾವಾಗಲೂ ಇರುತ್ತದೆ. ಅಂಗೈಯಷ್ಟು ದೊಡ್ಡದು. ಮುಂದೆ ಒಂದು ಎಲೆ ಸುರುಳಿ ಸುತ್ತಿಕೊಂಡು ಕೀಲಿಯ ಕಿಂಡಿಯತ್ತ ಬಾಗಿದೆ. ನಡುನರಕ್ಕೆ ಕಲ್ಲಿನಿಂದ ಉಜ್ಜಿದ ಹೊಳಪು, ಅಕ್ಕಪಕ್ಕ ಮಂಕು. ಎರಡು ಮೊಳೆಯ ತೂತುಗಳಲ್ಲಿ ಒಂದು ಸ್ವಲ್ಪ ಅಂಡಾಕಾರ. ತಿರುಗಿಸಿದರೆ ಮರಳಿನ ಅಚ್ಚಿನ ತರಿ ಇನ್ನೂ ಬೆರಳಿಗೆ ಸಿಗುತ್ತದೆ, ಅರದಿಂದ ಉಜ್ಜಿದ ನಾಲ್ಕು ಗೆರೆಗಳಿವೆ. ಮತ್ತೆ ಎಡ ಅಂಚಿನಲ್ಲಿ, ಎಂದೋ ಯಾರೋ ಕೆಂಡದ ಮುಂದೆ ಕುಂಚ ಆಡಿಸುವಾಗ, ಚಿನ್ನದ ಒಂದು ಹನಿ ಅಂಚು ದಾಟಿ ಹಿಂದಕ್ಕೆ ಹರಿದು ಅಲ್ಲೇ ನಿಂತಿದೆ.